ಗೌಂಡಿ ಹಾಲಪ್ಪನ ರಕ್ತ ಎಣಿಸಿದ ವರ್ಷ

ಹೋದ ವರ್ಷ ದಸರೆಗೆ ಇನ್ನೊಂದು ವಾರ ಇರುವಾಗ ದಾವಣಗೆರೆಯಿಂದ ಹೊಸಪೇಟೆಗೆ ಹೊರಟಿದ್ದೆ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಗಾಲಿ ಪಂಕ್ಚರ್ ಆಗಿದೆಯೆಂದು ಎಲ್ಲರನ್ನೂ ಕೆಳಗಿಳಿಸಿದರು. ಮುಕ್ಕಾಲು ತಾಸು ಹಿಡಿಯುತ್ತದೆ ಎಂದು ಕಂಡಕ್ಟರ್ ಹೇಳಿದ. ಚಹ ಕುಡಿದು ಎದುರಿನ ರಸ್ತೆಯಲ್ಲಿ ಸುಮ್ಮನೆ ನಡೆಯುತ್ತಿದ್ದಾಗ ಒಂದು ಸಣ್ಣ ಲ್ಯಾಬಿನ ಬಾಗಿಲಿನಿಂದ ಲೀಶ್‌ಮನ್ ಬಣ್ಣದ ವಾಸನೆ ಬಂತು. ರಕ್ತದ ಕಣಗಳು ಕಣ್ಣಿಗೆ ಕಾಣುವಂತೆ ಬಣ್ಣ ಹಿಡಿಸುವ ನೀಲಿ ದ್ರಾವಣ ಅದು. ಸ್ಪಿರಿಟ್ಟಿನ ಜೊತೆ ಏನೋ ಒಣ ಕಹಿ ಸೇರಿದಂಥ ವಾಸನೆ. ನಾನೀಗ ಕೆಲಸ ಮಾಡುವ ದೊಡ್ಡ ಲ್ಯಾಬಿನಲ್ಲಿ ಅದು ಮೂಗಿಗೆ ಬೀಳುವುದೇ ಅಪರೂಪ. ಅಲ್ಲಿ ಯಂತ್ರವೇ ಕಣಗಳನ್ನು ಎಣಿಸಿ, ಒಂದನ್ನು ಇನ್ನೊಂದರಿಂದ ಭಾಗಿಸಿ, ಕಾಗದದ ಮೇಲೆ ಸಾಲಾಗಿ ಮುದ್ರಿಸಿ ಕೊಡುತ್ತದೆ. ಆ ಬಾಗಿಲ ಮುಂದೆ ನಿಂತಾಗ ಅದೇ ಊರಿನಲ್ಲಿ ಕಳೆದ ಒಂದು ವರ್ಷ ನೆನಪಾಯಿತು. ಎರಡು ಸಾವಿರದ ಏಳರ ಮಳೆಗಾಲದಿಂದ ಮುಂದಿನ ಮಳೆಗಾಲದವರೆಗಿನ ವರ್ಷ.

ಆಗ ನನಗೆ ಇಪ್ಪತ್ನಾಲ್ಕು. ನಮ್ಮೂರು ಹರಪನಹಳ್ಳಿ ತಾಲ್ಲೂಕಿನಲ್ಲಿ, ಬಾಗಳಿಯ ಪಕ್ಕ. ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ, ಹಗರಿಬೊಮ್ಮನಹಳ್ಳಿಯ ಒಬ್ಬ ಡಾಕ್ಟರ ಆಸ್ಪತ್ರೆಗೆ ಸೇರಿದ್ದೆ. ಆಸ್ಪತ್ರೆಯೆಂದರೆ ಆರು ಮಂಚ, ಮುಂದೊಂದು ಕೋಣೆ. ಆ ಕೋಣೆಯೇ ಲ್ಯಾಬು. ಒಂದು ಮೈಕ್ರೋಸ್ಕೋಪು, ಒಂದು ಸೆಂಟ್ರಿಫ್ಯೂಜು, ಕಿಟಕಿಯ ಪಕ್ಕ ಗಾಜಿನ ಉದ್ದ ಕೊಳವೆಗಳನ್ನು ನಿಲ್ಲಿಸುವ ಕಟ್ಟಿಗೆಯ ಸ್ಟ್ಯಾಂಡು, ಇಷ್ಟೇ ಅಲ್ಲಿದ್ದ ಸಾಮಾನು. ಊರಿಗೆ ರೈಲ್ವೆ ಸ್ಟೇಷನ್ ಇತ್ತು, ಜನ ಹತ್ತುವ ರೈಲು ಆಗ ಓಡುತ್ತಿರಲಿಲ್ಲ. ಎಲ್ಲವೂ ಬಸ್ಸಿನ ಮೇಲೆ ನಡೆಯುತ್ತಿತ್ತು. ನಮ್ಮಲ್ಲಿ ಆಗದ ಪರೀಕ್ಷೆಗಳ ರಕ್ತವೂ ಬಸ್ಸಿನಲ್ಲೇ ಹೋಗುತ್ತಿತ್ತು. ಐಸು ತುಂಬಿದ ಥರ್ಮಾಸಿನಲ್ಲಿ ಸೀಸೆಯಿಟ್ಟು ಕಂಡಕ್ಟರ ಕೈಗೆ ಕೊಟ್ಟರೆ ಕೊಟ್ಟೂರು, ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುತ್ತಿತ್ತು. ಎರಡು ಮೂರು ದಿನಕ್ಕೆ ರಿಪೋರ್ಟು ಅದೇ ದಾರಿಯಲ್ಲಿ ತಿರುಗಿ ಬರುತ್ತಿತ್ತು.

ಹಾಲಪ್ಪ ಮೊದಲು ಬಂದದ್ದು ಜುಲೈಯಲ್ಲಿ. ಎರಡು ದಿನ ಮಳೆ ಹಿಡಿದು, ಮೆಕ್ಕೆಜೋಳ ಬಿತ್ತಿದವರೆಲ್ಲ ನಿರಾಳವಾಗಿದ್ದ ವಾರ. ಆತ ಹಂಪಸಾಗರದ ಗೌಂಡಿ, ಗಾರೆ ಕೆಲಸದವ. ಅರವತ್ತು ದಾಟಿದ ವಯಸ್ಸು, ಎತ್ತರದ ಆಳು, ಸಿಮೆಂಟು ತಿಂದು ಒರಟಾದ ಬೆರಳುಗಳು. ಆ ಬೇಸಿಗೆಯಲ್ಲಿ ಮೂತ್ರ ಕಟ್ಟುತ್ತದೆಂದು ನಮ್ಮ ಡಾಕ್ಟರ ಹತ್ತಿರ ಬಂದಿದ್ದನಂತೆ. ಅವರಿಗೆ ಅನುಮಾನ ಬಂದು ಬೆಂಗಳೂರಿಗೆ ಕಳಿಸಿದ್ದರು. ಅಲ್ಲಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ್ದರು. ಇನ್ನು ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಪಿಎಸ್‌ಎ ನೋಡಬೇಕಿತ್ತು. ಪಿಎಸ್‌ಎ ಎನ್ನುವುದು ಆ ಗ್ರಂಥಿಯೇ ಹುಟ್ಟಿಸುವ ವಸ್ತು. ಗ್ರಂಥಿಯೇ ಇಲ್ಲವೆಂದ ಮೇಲೆ ರಕ್ತದಲ್ಲಿ ಅದು ಇದ್ದೂ ಇಲ್ಲದಂತಿರಬೇಕು. ಏರತೊಡಗಿದರೆ ಎಲ್ಲೋ ಉಳಿದ ಬೇರು ಚಿಗುರುತ್ತಿದೆ ಎಂದರ್ಥ. ಪಿಎಸ್‌ಎ ರಕ್ತ ದಾವಣಗೆರೆಗೆ ಹೋಗುತ್ತಿತ್ತು. ಅದರ ಜೊತೆಗೆ ಮಾಮೂಲಿ ರಕ್ತ ಪರೀಕ್ಷೆ ನನ್ನ ಪಾಲಿನದು.

ಮೊದಲ ಸಲ ಎಲ್ಲ ಚೆನ್ನಾಗಿತ್ತು. ಪಿಎಸ್‌ಎ ಸೊನ್ನೆ ಬಿಂದು ಸೊನ್ನೆ ನಾಲ್ಕು. ನನ್ನ ಎಣಿಕೆಯೂ ಸರಿಯಾಗಿತ್ತು. ಹಾಲಪ್ಪ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಆಪರೇಷನ್ ಆದವರಿಗೆ ಕೆಲವು ತಿಂಗಳು ಮೂತ್ರ ಹಿಡಿತದಲ್ಲಿರುವುದಿಲ್ಲ. ಪಂಚೆಯೊಳಗೆ ಹಳೆ ಬಟ್ಟೆ ಮಡಚಿ ಇಟ್ಟುಕೊಂಡು, ಬೇರೆಯವರ ಕುರ್ಚಿ ಕೆಡಬಾರದೆಂದು ನಿಂತೇ ಇರುತ್ತಿದ್ದ. ನಿಂತೇ ತೋಳು ಚಾಚುತ್ತಿದ್ದ. ಕಾಯುವಾಗ ನಮ್ಮ ಕೋಣೆಯ ಗೋಡೆ ಸವರಿ, ಮೇಲಿನ ಮೂಲೆಯಲ್ಲಿ ನೀರು ಇಳಿಯುತ್ತಿದೆ, ಮಳೆ ಮುಗಿದ ಮೇಲೆ ಹೇಳಿ, ಬಂದು ಸರಿ ಮಾಡಿಕೊಡುತ್ತೇನೆ ಎಂದು ಹೇಳಿ ಹೋದ.

ಸೆಪ್ಟೆಂಬರಿನಲ್ಲಿ ಒಂದು ಮಾತು ನನ್ನ ತಲೆಗೆ ಹೊಕ್ಕಿತು. ಶನಿವಾರಗಳಂದು ದಾವಣಗೆರೆಯಿಂದ ಒಬ್ಬ ಯುವ ಸರ್ಜನ್ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ಮಧ್ಯಾಹ್ನ ರೋಗಿಗಳು ಇರಲಿಲ್ಲ. ನಾನು ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸುತ್ತಿದ್ದುದನ್ನು ನೋಡಿ ಪಕ್ಕದಲ್ಲಿ ಕೂತರು. ಬಿಳಿ ಕಣಗಳಲ್ಲಿ ಹಲವು ಜಾತಿ. ಮೈಯಲ್ಲಿ ಎಲ್ಲಿಯಾದರೂ ಉರಿಯೂತ ಎದ್ದರೆ ನ್ಯೂಟ್ರೋಫಿಲ್ ಎನ್ನುವವು ಹೆಚ್ಚುತ್ತವೆ, ಲಿಂಫೋಸೈಟ್ ಎನ್ನುವವುಗಳ ಪಾಲು ಇಳಿಯುತ್ತದೆ. ರಕ್ತವನ್ನು ಉದ್ದ ಕೊಳವೆಯಲ್ಲಿ ನಿಲ್ಲಿಸಿದರೆ ಒಂದು ತಾಸಿನಲ್ಲಿ ಕೆಂಪು ಎಷ್ಟು ಕೆಳಗಿಳಿಯಿತು ಎನ್ನುವುದೂ ಉರಿಯೂತದ ಒಂದು ಗುರುತು. ಅದಕ್ಕೆ ಇಎಸ್‌ಆರ್ ಎನ್ನುತ್ತೇವೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನು ಅವರು ಹೇಳಿದರು. ಆಪರೇಷನ್ ಆದ ಕ್ಯಾನ್ಸರ್ ಮತ್ತೆ ಬರುತ್ತದೋ ಇಲ್ಲವೋ ಎನ್ನುವುದನ್ನು ಇಂಥ ಎಣಿಕೆಗಳಿಂದ ಮುಂಚೆಯೇ ಊಹಿಸಬಹುದೇ ಎಂದು ಹೊರದೇಶಗಳಲ್ಲಿ ನೋಡುತ್ತಿದ್ದಾರಂತೆ. ನ್ಯೂಟ್ರೋಫಿಲ್ಲನ್ನು ಲಿಂಫೋಸೈಟಿನಿಂದ ಭಾಗಿಸಿದಾಗ ಬರುವ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದಲ್ಲ ಎಂದು ಕೆಲವರ ಅಭಿಪ್ರಾಯವಂತೆ. ಇನ್ನೂ ಖಾತ್ರಿಯಿಲ್ಲ, ಪ್ರಾಸ್ಟೇಟಿನ ವಿಷಯದಲ್ಲಂತೂ ಏನೂ ಹೇಳಲಾಗದು ಎಂದೂ ಅವರು ಸೇರಿಸಿದರು.

ಮೊದಲಿನ ಅರ್ಧ ನನ್ನಲ್ಲಿ ನಿಂತಿತು, ಕೊನೆಯ ಅರ್ಧ ನಿಲ್ಲಲಿಲ್ಲ. ದಿನಕ್ಕೆ ಇಪ್ಪತ್ತು ಸ್ಲೈಡು, ಒಂದೊಂದರಲ್ಲಿ ನೂರು ಕಣ ಎಣಿಸುವ ಕೆಲಸಕ್ಕೆ ಒಮ್ಮೆಲೇ ಒಂದು ತೂಕ ಬಂದಂತಾಯಿತು. ಭವಿಷ್ಯ ಹೇಳುವ ಸಂಖ್ಯೆ ನನ್ನ ಬೆರಳ ತುದಿಯಲ್ಲೇ ಹುಟ್ಟುತ್ತಿದೆ ಎನ್ನುವ ಹೆಮ್ಮೆ. ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಭಾಗಾಕಾರ ಮಾಡಿ ಬರೆಯತೊಡಗಿದೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅಕ್ಟೋಬರ್ ಕೊನೆಗೆ ಹಾಲಪ್ಪ ಎರಡನೇ ಸಲ ಬಂದ. ಶೇಂಗಾ ಕೀಳುವ ದಿನಗಳು, ಬಸ್ಸಿನಲ್ಲಿ ಬಂದವರ ಬಟ್ಟೆಯಿಂದಲೂ ಹಸಿ ಶೇಂಗಾದ ಮಣ್ಣು ಉದುರುತ್ತಿತ್ತು. ಈ ಸಲ ಅವನು ಕುರ್ಚಿಯ ಮೇಲೆ ಕೂತ. ಮೂತ್ರ ಹಿಡಿತಕ್ಕೆ ಬಂದಿತ್ತು. ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದ. ರಕ್ತ ಕೊಟ್ಟು, ನಾಳೆ ಬರುತ್ತೇನೆಂದು ಹೋದ. ಇಪ್ಪತ್ತು ಮಿಲಿಮೀಟರಿನೊಳಗೆ ಇರಬೇಕಾದದ್ದು, ಕೊಳವೆಯಲ್ಲಿ ಅವನ ರಕ್ತ ಒಂದು ತಾಸಿಗೆ ಎಪ್ಪತ್ತೆಂಟು ಇಳಿಯಿತು. ಸ್ಲೈಡಿನಲ್ಲಿ ನ್ಯೂಟ್ರೋಫಿಲ್ ಎಂಬತ್ನಾಲ್ಕು, ಲಿಂಫೋಸೈಟ್ ಹನ್ನೆರಡು. ಇನ್ನೊಂದು ಸ್ಲೈಡು ಮಾಡಿ ಮತ್ತೆ ಎಣಿಸಿದೆ. ಹೆಚ್ಚು ಕಡಿಮೆ ಅಷ್ಟೇ ಬಂತು. ಭಾಗಿಸಿದರೆ ಏಳು.

ಮರುದಿನ ಅವನು ಬಂದಾಗ ಡಾಕ್ಟರ್ ಬಳ್ಳಾರಿಗೆ ಹೋಗಿದ್ದರು. ಪಿಎಸ್‌ಎ ರಿಪೋರ್ಟು ಇನ್ನೂ ಬಂದಿರಲಿಲ್ಲ. ಡಾಕ್ಟರು ಬಂದ ಮೇಲೆ ಬನ್ನಿ ಎಂದು ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಹೇಗಿದೆ ಎಂದು ಅವನು ಕೇಳಿದ. ನಾನು ಕಾಗದ ಬಿಡಿಸಿ, ಕಣಗಳು ಬಹಳ ಏರಿವೆ ಎಂದೆ. ಏರಿದರೇನು ಎಂದು ಕೇಳಿದ. ಅದಕ್ಕೆ ನಾನು ಕೊಟ್ಟ ಉತ್ತರ ಈಗಲೂ ಅಕ್ಷರಶಃ ನೆನಪಿದೆ.

"ಹಿಂಗ್ ಏರಿದ್ರ ಆಪರೇಷನ್ ಆಗಿದ್ದು ತಿರುಗಿ ಬರ್ತತಿ ಅಂತ ಹೇಳ್ತಾರ ರಿ, ದೊಡ್ಡ ಡಾಕ್ಟರು."

ಅವನು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದ. ಓದಲು ಬರುತ್ತಿರಲಿಲ್ಲ.

"ಎಷ್ಟು ದಿನದಾಗ?" ಎಂದ.

ಅದು ಹೇಳಲು ಬರುವುದಿಲ್ಲ ಎಂದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದ.

ಎರಡು ದಿನ ಬಿಟ್ಟು ದಾವಣಗೆರೆಯಿಂದ ರಿಪೋರ್ಟು ಬಂತು. ಪಿಎಸ್‌ಎ ಮೊದಲಿನಷ್ಟೇ, ಸೊನ್ನೆ ಬಿಂದು ಸೊನ್ನೆ ನಾಲ್ಕು. ಡಾಕ್ಟರು ಎರಡೂ ಕಾಗದ ನೋಡಿ, ಈ ಮನುಷ್ಯನಿಗೆ ಎಲ್ಲೋ ಸೋಂಕಾಗಿದೆ, ಕರೆಸು, ನೋಡಬೇಕು ಎಂದರು. ನಾನು ಏನು ಹೇಳಿ ಕಳಿಸಿದ್ದೆನೆಂಬುದನ್ನು ಅವರಿಗೆ ತಿಳಿಸಲಿಲ್ಲ. ಹಾಲಪ್ಪನ ಹತ್ತಿರ ಫೋನು ಇರಲಿಲ್ಲ. ಹಂಪಸಾಗರದ ಬಸ್ಸಿನ ಕಂಡಕ್ಟರ ಕೈಲಿ ಹೇಳಿಕಳಿಸಿದೆ. ಆತ ಹಡಗಲಿಗೆ ಅಕ್ಕನ ಮನೆಗೆ ಹೋಗಿದ್ದಾನೆ ಎಂಬ ಉತ್ತರ ಬಂತು. ವಾರ ಬಿಟ್ಟು ಇನ್ನೊಮ್ಮೆ ಹೇಳಿಕಳಿಸಿದೆ. ಬರುತ್ತಾನಂತೆ ಎಂದರು. ಬರಲಿಲ್ಲ. ರಿಪೋರ್ಟು ನನ್ನ ಡ್ರಾಯರಿನಲ್ಲಿ ಉಳಿಯಿತು. ಆಮೇಲೆ ಊರಲ್ಲಿ ಚಿಕೂನ್‌ಗುನ್ಯದ ಜ್ವರ ಹಬ್ಬಿ, ಮೊಣಕಾಲು ಹಿಡಿದುಕೊಂಡು ಬರುವವರ ಸಾಲಿನಲ್ಲಿ ನಾನೂ ಅದನ್ನು ಹಿಂದಕ್ಕೆ ಹಾಕಿದೆ.

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಪುಸ್ತಕದ ಚೀಲ. ತಾನು ನೀಲಮ್ಮ, ಹಂಪಸಾಗರದ ಗೌಂಡಿ ಹಾಲಪ್ಪನ ಮಗಳು, ಕೊಟ್ಟೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ ಎಂದಳು. ನಿಂತೇ ಎಲ್ಲ ಹೇಳಿದಳು. ಅಪ್ಪ ಹಡಗಲಿಗೆ ಹೋಗಿ ಸೋದರತ್ತೆಯ ಮಗನ ಜೊತೆ ತನ್ನ ಮದುವೆ ಗೊತ್ತು ಮಾಡಿ ಬಂದಿದ್ದಾನೆ. ಸಂಕ್ರಾಂತಿಯೊಳಗೆ ಆಗಬೇಕಂತೆ. ಪರೀಕ್ಷೆ ಬೇಡ, ಓದಿದ್ದು ಸಾಕು ಎನ್ನುತ್ತಾನೆ. ಗಾರೆ ಮೆತ್ತುವ ಕರಣಿಯನ್ನೂ ಗೋಡೆಯ ನೇರ ನೋಡುವ ತೂಕದ ಗುಂಡನ್ನೂ ಜೊತೆಯ ಗೌಂಡಿಗೆ ಕೊಟ್ಟುಬಿಟ್ಟಿದ್ದಾನೆ. ಯಾಕೆ ಹೀಗೆ ಎಂದು ಮೂರು ದಿನ ಕೇಳಿದ ಮೇಲೆ ಬಾಯಿ ಬಿಟ್ಟನಂತೆ, ಲ್ಯಾಬಿನವರು ತಿರುಗಿ ಬರುತ್ತದೆ ಎಂದಿದ್ದಾರೆ, ನಾನು ಇರುವಷ್ಟರಲ್ಲಿ ನಿನ್ನದೊಂದು ಆಗಿಹೋಗಲಿ ಎಂದು. ಅವಳ ಅವ್ವನಿಗೆ ಇದಾವುದೂ ಗೊತ್ತಿಲ್ಲ.

ನಾನು ಡ್ರಾಯರಿನಿಂದ ಪಿಎಸ್‌ಎ ರಿಪೋರ್ಟು ತೆಗೆದು ಅವಳ ಕೈಗೆ ಕೊಟ್ಟೆ. ಇದು ಏರಿದರೆ ಮಾತ್ರ ತಿರುಗಿ ಬಂತೆಂದು ಹೇಳಬಹುದು, ಇದು ಏರಿಲ್ಲ ಎಂದೆ. ಅವಳು ಸಂಖ್ಯೆ ನೋಡಿದಳು. ಕೆಳಗಿದ್ದ ತಾರೀಖನ್ನೂ ನೋಡಿದಳು.

"ಹಂಗಾರ ನೀವು ಹೇಳಿದ್ದು ಸುಳ್ಳೇನ್ರಿ?"

"ಸುಳ್ಳಲ್ಲ. ಖಾತ್ರಿ ಇಲ್ಲದ್ದು."

"ಖಾತ್ರಿ ಇಲ್ಲದ್ದನ್ನ ಯಾಕ ಹೇಳಿದ್ರಿ?"

ಅವಳು ರಿಪೋರ್ಟನ್ನು ಟೇಬಲ್ಲಿನ ಮೇಲೆ ಇಟ್ಟಳು.

"ನಾ ಹೇಳಿದ್ರ ಅಪ್ಪ ನಂಬಂಗಿಲ್ರಿ. ಓದಿನ ಆಸೆಗೆ ಹೇಳ್ತಾಳ ಅಂತಾನ. ನೀವ ಬಂದು ಹೇಳ್ರಿ, ನನಗ ಗೊತ್ತಿಲ್ದ ಮಾತಾಡಿದೆ ಅಂತ."

ಅವಳು ಹೋದ ಮೇಲೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಭಾನುವಾರ ಹೋಗಿ ಬಾ, ಬರುವಾಗ ಅವನನ್ನು ಕರೆದುಕೊಂಡೇ ಬಾ ಎಂದರು. ನಾನು ಎದ್ದು ಬಾಗಿಲಿಗೆ ಬಂದಾಗ, ರಿಜಿಸ್ಟರಿನ ಅಂಚಿನಲ್ಲಿ ಬರೆದದ್ದನ್ನೆಲ್ಲ ರಬ್ಬರಿನಿಂದ ಅಳಿಸು ಎಂದರು. ಅವರು ಅದನ್ನು ನೋಡಿದ್ದರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಭಾನುವಾರ ಹಂಪಸಾಗರದ ಬಸ್ಸು ಹತ್ತಿದೆ. ಚಳಿ ಶುರುವಾಗಿತ್ತು. ದಾರಿಯ ಎರಡೂ ಕಡೆ ಜೋಳ ತೊಡೆಯುದ್ದ ಬೆಳೆದಿತ್ತು. ಹಾಲಪ್ಪನ ಮನೆ ಊರ ನಡುವೆ, ಅವನೇ ಕಟ್ಟಿದ್ದು, ಎರಡು ಕೋಣೆ, ಮುಂದೊಂದು ಕಟ್ಟೆ. ನನ್ನನ್ನು ಕಂಡು ಅವನು ಕಟ್ಟೆಯಿಂದ ಎದ್ದು ಬಂದ. ಬಲಪಾದವನ್ನು ಪೂರ್ತಿ ಊರದೆ ಹೊರ ಅಂಚಿನ ಮೇಲೆ ನಡೆಯುತ್ತಿದ್ದ. ಕಾಲಿಗೆ ಏನಾಯಿತು ಎಂದು ಕೇಳಿದೆ. ಕಬ್ಬಿಣ ಕಟ್ಟುವ ತಂತಿ ಚುಚ್ಚಿತ್ತು, ದೀಪಾವಳಿಗೂ ಮೊದಲಿನ ಮಾತು, ಗೌಂಡಿಯ ಹಿಮ್ಮಡಿ ಅಂದರೆ ಚಪ್ಪಲಿ ಇದ್ದಂತೆ, ಅದಕ್ಕೇನೂ ತಿಳಿಯುವುದಿಲ್ಲ ಎಂದ.

ಹಿಮ್ಮಡಿ ನೋಡಿದೆ. ಒರಟು ಚರ್ಮದ ಕೆಳಗೆ ಬಾತು, ಮುಟ್ಟಿದರೆ ಬಿಸಿ. ಅದನ್ನು ನೋಡುತ್ತಲೇ ನನ್ನ ಎಂಬತ್ನಾಲ್ಕು ನ್ಯೂಟ್ರೋಫಿಲ್ಲುಗಳು ಎಲ್ಲಿಂದ ಬಂದವೆಂದು ತಿಳಿಯಿತು. ರಕ್ತ ಕೊಟ್ಟ ದಿನವೂ ಅವನು ಹೀಗೇ ನಡೆದು ಬಂದಿರಬೇಕು. ನಾನು ಕಣ ನೋಡಿದ್ದೆ, ಮನುಷ್ಯನನ್ನು ನೋಡಿರಲಿಲ್ಲ.

ನೀಲಮ್ಮ ಬಾಗಿಲ ಪಕ್ಕ ನಿಂತಿದ್ದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಆ ದಿನ ನಾನು ಹೇಳಿದ್ದು ಯಾರೋ ಅಂದಾಜಿಗೆ ಹೇಳಿದ ಮಾತು. ನಾನು ಡಾಕ್ಟರಲ್ಲ, ಹೇಳಬಾರದಿತ್ತು. ತಿರುಗಿ ಬಂದಿದೆಯೋ ಇಲ್ಲವೋ ನೋಡುವ ಪರೀಕ್ಷೆ ಬೇರೆ, ಅದು ಚೆನ್ನಾಗಿದೆ. ಕಣ ಏರಿದ್ದು ಈ ಕಾಲಿನಿಂದ.

ಹಾಲಪ್ಪ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ.

"ಸರ, ನಾವು ಗುಂಡು ಬಿಟ್ಟು ನೋಡದ ಗ್ವಾಡಿ ಸೊಟ್ಟ ಐತಿ ಅನ್ನಂಗಿಲ್ಲ. ಅಂದ್ರ ಕೆಡವಬೇಕಾಕೈತಿ."

ಅಷ್ಟರಲ್ಲಿ ಅವನ ಹೆಂಡತಿ ಗಂಗಮ್ಮ ಒಳಗಿನಿಂದ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಚಹದ ಲೋಟವಿತ್ತು. ನಮ್ಮ ಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಲೋಟವನ್ನು ಕಟ್ಟೆಯ ಮೇಲಿಟ್ಟು ಗಂಡನ ಕಡೆ ತಿರುಗಿದಳು.

"ಬೆಂಗಳೂರಾಗ ಮೂತ್ರದ ಕಲ್ಲು ತಗಸೀನಿ ಅಂದಿದ್ರಿ ನನಗ."

ಅವನು ತಲೆ ತಗ್ಗಿಸಿದ. ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಅಷ್ಟೂ ದಿನ ಅವನ ಬಟ್ಟೆ ಒಗೆದವಳು ಅವಳು. ಕ್ಯಾನ್ಸರ್ ಎಂಬ ಹೆಸರನ್ನು ನಾನು ಹೇಳಿರಲಿಲ್ಲ, ಆದರೆ 'ತಿರುಗಿ ಬರುವುದು' ಎಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀಲಮ್ಮ ಅವ್ವನನ್ನು ಒಳಗೆ ಕರೆದುಕೊಂಡು ಹೋದಳು. ನಾನೂ ಹಾಲಪ್ಪನೂ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಡಾಕ್ಟರು ಹಿಮ್ಮಡಿ ಕೊಯ್ದರು. ಅರ್ಧ ಲೋಟ ಕೀವಿನ ಜೊತೆ ತುಕ್ಕು ಹಿಡಿದ ತಂತಿಯ ಚೂರು ಬಂತು. ಹತ್ತು ದಿನ ಮಾತ್ರೆ, ದಿನ ಬಿಟ್ಟು ದಿನ ಪಟ್ಟಿ. ಡಿಸೆಂಬರ್ ಕೊನೆಗೆ ಮತ್ತೆ ರಕ್ತ ತೆಗೆದೆ. ಇಎಸ್‌ಆರ್ ಹದಿನಾಲ್ಕಕ್ಕೆ ಇಳಿದಿತ್ತು, ಕಣಗಳು ತಮ್ಮ ತಮ್ಮ ಲೆಕ್ಕಕ್ಕೆ ಮರಳಿದ್ದವು. ಹಾಲಪ್ಪನಿಗೆ ಏನೂ ಹೇಳದೆ ರಿಪೋರ್ಟನ್ನು ಡಾಕ್ಟರ ಟೇಬಲ್ಲಿಗೆ ಕಳಿಸಿದೆ.

ಮದುವೆಯ ವಿಷಯ ಅಷ್ಟು ಸುಲಭವಾಗಿ ಸರಿಹೋಗಲಿಲ್ಲ. ಪರೀಕ್ಷೆ ಮುಗಿಯಲಿ, ಬೇಸಿಗೆಯಲ್ಲಿ ಮಾಡೋಣ ಎಂದು ಹಾಲಪ್ಪ ಹಡಗಲಿಗೆ ಹೋಗಿ ಕೇಳಿಕೊಂಡ. ಅಕ್ಕ ಒಪ್ಪಲಿಲ್ಲ. ಮೊದಲು ಅವಸರ ಮಾಡಿದವನೂ ನೀನೇ, ಈಗ ಹಿಂದಕ್ಕೆ ಸರಿಯುವವನೂ ನೀನೇ, ನನ್ನ ಮಗನನ್ನು ಏನೆಂದುಕೊಂಡಿದ್ದೀ ಎಂದಳಂತೆ. ಮಾಘದಲ್ಲಿ ಆ ಹುಡುಗನಿಗೆ ಕೂಡ್ಲಿಗಿ ಕಡೆಯ ಹೆಣ್ಣು ತಂದರು. ಅಕ್ಕ ತಮ್ಮನ ಮಾತು ನಿಂತಿತು. ಫೆಬ್ರುವರಿಯಲ್ಲಿ ಅಪ್ಪನ ಜೊತೆ ಬಂದಿದ್ದ ನೀಲಮ್ಮ ನನಗೆ ಇದನ್ನು ಹೇಳಿದಳು. ಹೇಳಿ ಮುಗಿಸಿ, ಹುಡುಗ ಕೆಟ್ಟವನೇನಲ್ಲ ರಿ, ಪರೀಕ್ಷೆ ಆದ ಮೇಲೆ ಆಗಿದ್ದರೆ ನನಗೇನೂ ಬೇಜಾರಿರಲಿಲ್ಲ ಎಂದಳು.

ಆ ತಿಂಗಳ ಪಿಎಸ್‌ಎಯೂ ಚೆನ್ನಾಗಿತ್ತು. ಹಾಲಪ್ಪ ಕರಣಿ ವಾಪಸು ಇಸಿದುಕೊಂಡಿದ್ದ. ಹೇಳಿದ ಮಾತಿನಂತೆ ಎರಡು ದಿನ ಬಂದು ನಮ್ಮ ಲ್ಯಾಬಿನ ಮೂಲೆಗೆ ಗಿಲಾವು ಮಾಡಿ ಕೊಟ್ಟ. ಕೆಲಸ ಮಾಡುವಾಗ ನನ್ನ ಜೊತೆ ಮಳೆಯ ಮಾತು, ಮರಳಿನ ಮಾತು ಆಡಿದ. ರಕ್ತದ ಮಾತು ಎತ್ತಲಿಲ್ಲ.

ಮೇ ತಿಂಗಳಲ್ಲಿ ಐದನೇ ಸಲ ರಕ್ತ ತೆಗೆದೆ. ಮೈಕ್ರೋಸ್ಕೋಪಿನ ಕಣ್ಣಿಗೆ ಬೆವರು ಅಂಟುವಷ್ಟು ಸೆಕೆ. ಅವನ ಸ್ಲೈಡಿನಲ್ಲಿ ನೂರಕ್ಕೆ ಬದಲು ಇನ್ನೂರು ಕಣ ಎಣಿಸಿದೆ. ವರ್ಷದಲ್ಲೇ ಅಷ್ಟು ಒಳ್ಳೆಯ ಎಣಿಕೆ ಬಂದಿರಲಿಲ್ಲ. ಉರಿಯೂತದ ಸುಳಿವೂ ಇಲ್ಲ. ಮೂರನೇ ದಿನ ದಾವಣಗೆರೆಯ ಲಕೋಟೆ ಬಂತು. ಪಿಎಸ್‌ಎ ಸೊನ್ನೆ ಬಿಂದು ಮೂರು, ಮೊದಲಿನ ಏಳು ಪಟ್ಟಿಗೂ ಹೆಚ್ಚು. ಡಾಕ್ಟರು ಮೂರು ವಾರ ಬಿಟ್ಟು ಮತ್ತೆ ಕಳಿಸಿದರು. ಸೊನ್ನೆ ಬಿಂದು ನಾಲ್ಕು. ನಾನು ಹೆಮ್ಮೆಪಟ್ಟಿದ್ದ ಕಣಗಳು ಹೆದರಿಸಿದಾಗ ಏನೂ ಇರಲಿಲ್ಲ. ರೋಗ ನಿಜವಾಗಿ ತಿರುಗಿ ಬರುತ್ತಿದ್ದಾಗ ಅವು ಸುಮ್ಮನಿದ್ದವು.

ಎರಡನೇ ರಿಪೋರ್ಟಿಗೆ ಹಾಲಪ್ಪ ಹೆಂಡತಿಯ ಜೊತೆ ಬಂದ. ನಾನು ಅಂಟಿಸಿದ ಲಕೋಟೆ ಕೊಟ್ಟು, ಡಾಕ್ಟರಿಗೆ ತೋರಿಸಿ ಎಂದೆ. ನೀವು ನೋಡಿದ್ದೀರಾ ಎಂದು ಕೇಳಿದ. ನೋಡಿದ್ದೇನೆ ಎಂದೆ. ನನ್ನ ಮುಖವನ್ನು ನೋಡುತ್ತ ನಿಂತಿದ್ದ. ಗಂಗಮ್ಮ ಅವನ ಕೈಯಿಂದ ಲಕೋಟೆ ತೆಗೆದುಕೊಂಡಳು.

"ಬರ್ರಿ, ಒಳಗ ಕೇಳೂಣು," ಎಂದು ಅವಳೇ ಮುಂದೆ ನಡೆದಳು.

ಜೂನಿನಲ್ಲಿ ಅವರಿಬ್ಬರೂ ಬೆಂಗಳೂರಿಗೆ ಹೋದರು. ಏಳು ವಾರ, ಶನಿವಾರ ಭಾನುವಾರ ಬಿಟ್ಟು ದಿನವೂ ವಿಕಿರಣ. ಗಂಗಮ್ಮ ಒಂದು ದಿನವೂ ಅವನನ್ನು ಬಿಟ್ಟು ಬರಲಿಲ್ಲ. ಸಂಖ್ಯೆ ನಿಧಾನವಾಗಿ ಇಳಿಯಿತು, ಬಹಳ ವರ್ಷ ಇಳಿದೇ ಇತ್ತು. ಹಾಲಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ, ಕೊನೆಗೆ ಹೋದದ್ದು ಹೃದಯದ ತೊಂದರೆಯಿಂದ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ನೀಲಮ್ಮ ಆ ಮೇ ತಿಂಗಳಲ್ಲೇ ಪಾಸಾಗಿ, ಎರಡು ವರ್ಷದ ಮೇಲೆ ಕೂಡ್ಲಿಗಿ ತಾಲ್ಲೂಕಿನ ಒಂದು ಶಾಲೆಗೆ ಸೇರಿದಳು. ಮದುವೆ ತಡವಾಗಿ ಆಯಿತು.

ಆಗಸ್ಟಿನಲ್ಲಿ ನನಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಹಂಪಸಾಗರಕ್ಕೆ ಹೋದೆ. ಅವರು ಬೆಂಗಳೂರಿನಿಂದ ಬಂದು ವಾರವಾಗಿತ್ತು. ಹಾಲಪ್ಪ ಒಳಗೆ ಮಲಗಿದ್ದ, ನಿದ್ದೆ ಹತ್ತಿತ್ತು. ಎಬ್ಬಿಸಬೇಡಿ ಎಂದೆ. ಗಂಗಮ್ಮ ಕಟ್ಟೆಯ ಮೇಲೆ ನನ್ನೆದುರು ಕೂತಳು. ಮಳೆ ಬರುವಂತೆ ಮೋಡ ಹಾಕಿತ್ತು. ಆ ಒಂದು ಮಾತು ಹೇಳಿದ್ದಕ್ಕೆ ಇಷ್ಟೆಲ್ಲ ಆಯಿತು, ತಪ್ಪಾಯಿತು ಎಂದು ನಾನು ಹೇಳಿದೆ.

"ಮೊದಲು ಹೇಳಿದ್ದು ಚಲೋ ಮಾಡಲಿಲ್ಲ ನೀವು," ಎಂದಳು. "ಹಡಗಲಿ ಬಾಗಿಲು ಮುಚ್ಚಿಹೋತು. ಮನಿಗೆ ಬಂದು ಹೇಳಿದ್ದು ಚಲೋ ಆತು. ಇಲ್ಲಂದ್ರ ಈ ಮನಷ್ಯಾ ಬೆಂಗಳೂರಿಗೆ ಒಬ್ಬನ ಹೋಗಿ ಒಬ್ಬನ ಬರ್ತಿದ್ದ. ಎರಡೂ ನನಗ ನೆನಪೈತಿ."

ಊಟ ಮಾಡಿ ಹೋಗಿ ಎಂದು ಎದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ ಇತ್ತು. ಉಂಡು ನಾಲ್ಕು ಗಂಟೆಯ ಬಸ್ಸು ಹಿಡಿದೆ.